ಗೋಡೆ ಕೇಳುವ ಶಾಸ್ತ್ರ

ಮನೆ ಕೊಳ್ಳಲು ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಬೀದಿ ನೋಡಬೇಡಿ. ಹೊರಗಿನಿಂದ ಬಂದವರಿಗೆ ಇದು ಹಿಡಿಸುವುದಿಲ್ಲ. ಅವರು ಬಂದಿರುವುದೇ ಬೀದಿ ನೋಡಲು. ಶಾಲೆ ಹತ್ತಿರವಿದೆಯೇ, ಎದುರಿಗೆ ಪಾರ್ಕಿದೆಯೇ, ಬಸ್‌ಸ್ಟ್ಯಾಂಡಿನ ಗಲಾಟೆ ಕೇಳಿಸುತ್ತದೆಯೇ ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ಶಾಲೆ ಹತ್ತಿರವೇ ಇದೆ, ಪಾರ್ಕೂ ಇದೆ, ದೀಪಾವಳಿಯವರೆಗೆ ಎರಡೂ ನಿಮ್ಮವೇ ಎನ್ನುತ್ತೇನೆ. ಆಮೇಲೆ ಮನೆ ಎಲ್ಲಿಗೆ ಹೋಗುತ್ತದೆ ಎನ್ನುವುದು ಮನೆಗೇ ಗೊತ್ತು.

ನಮ್ಮೂರಿನ ಮನೆಗಳು ವರ್ಷಕ್ಕೊಮ್ಮೆ ಸರಿಯುತ್ತವೆ. ಮಹಾನವಮಿ ಕಳೆದು ದೀಪಾವಳಿ ಬರುವುದರೊಳಗೆ ಯಾವುದೋ ಒಂದು ದಿನ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹೊಸ್ತಿಲು ಪಾದಕ್ಕೆ ಬೆಚ್ಚಗೆ ತಾಗುತ್ತದೆ. ಅಂದೇ ಎಂದು ತಿಳಿದುಕೊಳ್ಳಬೇಕು. ನಲ್ಲಿಯ ಪೈಪು ಬಿಚ್ಚಿ, ಕರೆಂಟಿನ ತಂತಿ ಕಳಚಿ, ಅಟ್ಟದ ಮೇಲಿನ ಪಾತ್ರೆಗಳನ್ನು ಕಟ್ಟಿ, ಮಧ್ಯಾಹ್ನದ ಊಟ ಬೇಗ ಮುಗಿಸಿ, ಬಾಗಿಲು ಕಿಟಕಿ ಮುಚ್ಚಿ ಮಲಗಿಬಿಡಬೇಕು. ಊರೆಲ್ಲ ಜೊಂಪಿನಲ್ಲಿದ್ದಾಗ ಮನೆಗಳು ಎದ್ದು ತಮಗೆ ಬೇಕಾದಲ್ಲಿಗೆ ಹೋಗಿ ಕೂರುತ್ತವೆ. ಸಂಜೆ ತಮಟೆಯ ಸದ್ದು ಕೇಳಿದ ಮೇಲೆ ಬಾಗಿಲು ತೆಗೆಯಬೇಕು, ಅದಕ್ಕೆ ಮುಂಚೆ ತೆಗೆಯಬಾರದು. ತೆಗೆದರೆ ಏನೂ ಆಗುವುದಿಲ್ಲ. ಆದರೆ ಮನೆಗಳಿಗೆ ನಾಚಿಕೆ ಜಾಸ್ತಿ, ಸರಿಯುವಾಗ ಯಾರಾದರೂ ನೋಡಿದರೆ ಮುದುಡಿಕೊಳ್ಳುತ್ತವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಟ್ಟೆ ಬದಲಿಸುವವರ ಕೋಣೆಗೆ ನುಗ್ಗುತ್ತೇವೆಯೇ? ಇದೂ ಹಾಗೆಯೇ.

ಅಂಗಡಿ, ಶಾಲೆ, ಗುಡಿ, ಮಸೀದಿ, ಬಾವಿ, ಮರ ಇವೆಲ್ಲ ಇದ್ದಲ್ಲೇ ಇರುತ್ತವೆ. ಹೊರಡುವುದು ಜನ ವಾಸ ಮಾಡುವ ಮನೆಗಳು ಮಾತ್ರ. ನಿನ್ನೆ ದೇವಸ್ಥಾನದ ಎದುರಿದ್ದ ಮನೆ ಇವತ್ತು ಮೀನು ಮಾರ್ಕೆಟ್ಟಿನ ಹಿಂದೆ ಸಿಗುತ್ತದೆ. ಆ ಮನೆಯ ಶ್ರೋತ್ರಿಗಳು ಒಂದು ವರ್ಷ ಅಲ್ಲಿ ಮೂಗು ಹಿಡಿದುಕೊಂಡು ಇರುತ್ತಾರೆ, ಮರುವರ್ಷ ಮೀನಿನ ವ್ಯಾಪಾರಿಯ ಮನೆ ಗುಡಿಯ ಎದುರು ಬಂದು, ಅವನು ಬೆಳಗಿನ ಜಾವದ ಗಂಟೆಗೆ ನಿದ್ದೆಗೆಟ್ಟು ಕಿವಿ ಮುಚ್ಚಿಕೊಳ್ಳುತ್ತಾನೆ. ಒಟ್ಟಿನಲ್ಲಿ ಲೆಕ್ಕ ಸರಿಹೋಗುತ್ತದೆ. ಒಮ್ಮೆ ವಾಸ್ತು ಹೇಳುವವರೊಬ್ಬರು ನಮ್ಮೂರಿಗೆ ಬಂದು ಬೋರ್ಡು ಹಾಕಿದರು. ಅಡುಗೆಮನೆ ಆಗ್ನೇಯಕ್ಕೇ ಇರಬೇಕೆಂದು ನಾಲ್ಕಾರು ಮನೆಗಳ ಗೋಡೆ ಒಡೆಸಿದರು. ಆ ದೀಪಾವಳಿಗೆ ಆ ಅಡುಗೆಮನೆಗಳೆಲ್ಲ ವಾಯವ್ಯಕ್ಕೆ ತಿರುಗಿ ಕೂತವು. ವಾಸ್ತುವಿನವರು ಬೋರ್ಡು ಬಿಚ್ಚಿ ಹೋದರು. ಪಾಪ, ಒಳ್ಳೆಯ ಮನುಷ್ಯ. ಆ ಬೋರ್ಡಿನ ಹಲಗೆಯಲ್ಲೇ ನಾನು ನನ್ನ ಹೆಸರು ಬರೆಸಿದ್ದು: ವನಜಾಕ್ಷಮ್ಮ, ಮನೆ ಕೊಡಿಸಲಾಗುವುದು.

ಬೀದಿ ನೋಡುವಂತಿಲ್ಲ, ದಿಕ್ಕು ನೋಡುವಂತಿಲ್ಲ, ನೆರೆಹೊರೆ ನೋಡುವಂತಿಲ್ಲ ಎಂದ ಮೇಲೆ ಏನು ನೋಡಬೇಕು ಎಂದು ಕೇಳುತ್ತೀರಿ. ಗೋಡೆ ನೋಡಬೇಕು. ನಮ್ಮೂರಿನಲ್ಲಿ ಮನೆಗಳು ಭುಜಕ್ಕೆ ಭುಜ ತಾಗಿಸಿ ಕೂರುತ್ತವೆ. ನೆರೆಯವರು ಬದಲಾಗುತ್ತಾರೆ, ಗೋಡೆ ನಿಮ್ಮ ಜೊತೆ ಬರುತ್ತದೆ. ಆಚೆ ಯಾರೇ ಬಂದು ಕೂತರೂ ಅವರ ಸಂಸಾರದಲ್ಲಿ ಎಷ್ಟು ನಿಮ್ಮ ಕಿವಿಗೆ ಬೀಳಬೇಕು ಎನ್ನುವುದನ್ನು ತೀರ್ಮಾನಿಸುವುದು ಆ ಗೋಡೆ. ಅದಕ್ಕೇ ಮಾತು ಮುಗಿಸುವ ಮುಂಚೆ ನಮ್ಮಲ್ಲಿ ಗೋಡೆ ಕೇಳುವ ಶಾಸ್ತ್ರವಿದೆ. ಕೊಳ್ಳುವವರು ಈಚೆ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಾರೆ, ಮಾರುವವರು ಅವರ ಜೊತೆಗಿರುತ್ತಾರೆ. ನಾನು ಪಕ್ಕದ ಮನೆಗೆ ಹೋಗಿ ಮೊದಲು ಮಾತಾಡುತ್ತೇನೆ, ಆಮೇಲೆ ನಗುತ್ತೇನೆ, ಕೊನೆಗೆ ಅಳಬೇಕು. ಮೂರೂ ಎಷ್ಟೆಷ್ಟು ಕೇಳಿಸಿತು ಎಂಬುದರ ಮೇಲೆ ವ್ಯಾಪಾರ ಕುದುರುತ್ತದೆ, ಇಲ್ಲವೇ ಮುರಿಯುತ್ತದೆ.

ಮಾತು ಮತ್ತು ನಗು ನನಗೆ ಸಲೀಸು. ಅಳು ಮಾತ್ರ ಬರುವುದಿಲ್ಲ. ನಾನು ಅಳುವುದಕ್ಕೆ ಬಾಯಿ ತೆರೆದರೆ ಎದುರಿಗಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದ್ದರಿಂದ ಹೂ ಮಾರುವ ಕೆಂಚಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳು ಸೆರಗು ಬಾಯಿಗೆ ಇಟ್ಟಳೆಂದರೆ ಸಾಕು, ಕಲ್ಲೂ ಕರಗಬೇಕು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಅಕ್ಕಾ, ಮಲ್ಲಿಗೆ ಬೇಕಾ?" ಎಂದು ಆ ಮನೆಯವರಿಗೇ ಹೂವು ಮಾರಿ ಬರುತ್ತಿದ್ದಳು.

ನಾಗಭೂಷಣಯ್ಯನವರು ನನ್ನ ಹತ್ತಿರ ಬಂದದ್ದು ಒಂದು ಮಳೆಗಾಲದ ಕೊನೆಯಲ್ಲಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಅಪ್ಪ ಕಟ್ಟಿಸಿದ ಮನೆಯಲ್ಲಿ ತಾಯಿಯ ಜೊತೆ ಇದ್ದು, ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕಾಲರಿನ ಗುಂಡಿ ಹಾಕಿಕೊಂಡು, ನೆಟ್ಟಗೆ ನಡೆಯುವ, ಯಾರ ಮನೆಯಲ್ಲೂ ಎರಡನೇ ಲೋಟ ಕಾಫಿ ಕುಡಿಯದ ಮನುಷ್ಯ. ನನ್ನ ಜಗುಲಿಯ ಮೇಲೆ ಕೂತವರೇ, "ಮನೆ ಮಾರಬೇಕು. ದೀಪಾವಳಿಗೆ ಮುಂಚೆ ಆಗ್ಬೇಕು" ಎಂದರು.

ನಾನು ಅಭ್ಯಾಸಬಲದಿಂದ ಮಾರುವವರಿಗೆ ಹೇಳುವ ಬುದ್ಧಿಮಾತು ಶುರುಮಾಡಿದೆ. ಸುಣ್ಣ ಬಳಿಸಬೇಡಿ, ಬಳಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ಜನ ಮನೆ ನೋಡಲು ಬಂದಾಗ ಒಲೆಯ ಮೇಲೆ ಏನಾದರೂ ಇರಲಿ, ಸಾರಿನ ಒಗ್ಗರಣೆಯಾದರೆ ಉತ್ತಮ. ಖಾಲಿ ಅಡುಗೆಮನೆ ಯಾರಿಗೂ ರುಚಿಸುವುದಿಲ್ಲ. ಅವರು ಕೈ ಅಡ್ಡ ಹಿಡಿದರು. "ಒಗ್ಗರಣೆ ನಾನು ಹಾಕ್ತೀನಿ ವನಜಾಕ್ಷಮ್ಮ. ನೀವು ಗಿರಾಕಿ ಹುಡುಕಿ. ನನಗೆ ಬೇರೆ ಒಂದು ಸಣ್ಣ ಮನೆ ನೋಡಿ. ಎಲ್ಲಿದ್ರೂ ಪರವಾಗಿಲ್ಲ, ಅವಳ ಪಕ್ಕ ಮಾತ್ರ ಬೇಡ."

ಅವಳು ಎಂದರೆ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ, ಊರಿಗೇ ಗೊತ್ತಿತ್ತು. ಚಂದ್ರಮತಿ, ಅವರ ಒಡಹುಟ್ಟಿದ ತಂಗಿ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಗಂಡ ಚಿಕ್ಕ ವಯಸ್ಸಿನಲ್ಲೇ ಹೋದ ಮೇಲೆ ತನ್ನ ಹಳದಿ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು, ಯಾರು ಕರೆದರೂ ಅಪರಾತ್ರಿಯೆನ್ನದೆ ಬ್ಯಾಗು ಹಿಡಿದು ಹೋಗುತ್ತಿದ್ದಳು. ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮಾತು ಬಿಟ್ಟ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಇವರ ವಿಷಯದಲ್ಲಿ ಒಂದು ವಿಚಿತ್ರವಿತ್ತು. ಮಾತು ಬಿಟ್ಟ ದಿನದಿಂದ ಇವರ ಮನೆಗಳು ಬೇರೆಯಾಗಿರಲಿಲ್ಲ. ಒಂದು ವರ್ಷ ಕೆರೆಯ ಏರಿಯ ಕೆಳಗೆ, ಒಂದು ವರ್ಷ ಸಿನಿಮಾ ಟಾಕೀಸಿನ ಹಿಂದೆ, ಈಗ ಹತ್ತಿ ಮಂಡಿಯ ಪಕ್ಕ, ಎಲ್ಲಿ ಹೋದರೂ ಗೋಡೆಗೆ ಗೋಡೆ ಅಂಟಿಸಿಕೊಂಡೇ ಕೂರುತ್ತಿದ್ದವು. ಪ್ರತಿ ವರ್ಷ ತಮಟೆಯ ಸದ್ದಿಗೆ ನಾಗಭೂಷಣಯ್ಯ ಬಾಗಿಲು ತೆಗೆದು ಮೊದಲು ಪಕ್ಕಕ್ಕೆ ನೋಡುವುದು, ಹಳದಿ ಗೋಡೆ ಕಂಡು ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುವುದು. ಆಚೆ ಬಾಗಿಲಲ್ಲಿ ಚಂದ್ರಮತಿಯದೂ ಅದೇ ಮುಖ. ಊರಿನವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

"ಒಂದೇ ಗೋಡೆ, ವನಜಾಕ್ಷಮ್ಮ" ಎಂದರು ಅವರು. "ಅವತ್ತು ಹೊಸ್ತಿಲು ಬೆಚ್ಚಗಾಗಿತ್ತು. ಊಟ ಆಗಿ ಬಾಗಿಲು ಹಾಕ್ಕೊಂಡಿದ್ವಿ. ಅಮ್ಮನಿಗೆ ಉಸಿರು ಮೇಲಕ್ಕೆ ಬರೋಕೆ ಶುರುವಾಯ್ತು. ಚಂದ್ರೀನ ಕರಿ, ಚಂದ್ರೀನ ಕರಿ ಅಂತ ಒಂದೇ ಸಮ. ತಮಟೆಗೆ ಕಾಯದೇ ಬಾಗಿಲು ತೆಗ್ದೆ. ತಮಟೆಯವನು ಅರಳಿಕಟ್ಟೆ ಮೇಲೆ ಕೂತಿದ್ದ. ಓಡು, ಎಣ್ಣೆ ಗಾಣದ ಹತ್ರ ಹೋಗಿ ನಮ್ಮ ಚಂದ್ರೀನ ಕರ್ಕೊಂಡ್ಬಾ ಅಂದೆ. ಬೆಳಿಗ್ಗೆ ಅವಳ ಮನೆ ಅಲ್ಲೇ ಇದ್ದಿದ್ದು. ಅವನು ಓಡಿದ. ಅಲ್ಲಿ ಯಾರ ಮನೆ ಬಂದು ಕೂತಿತ್ತೋ ಏನೋ, ಎಷ್ಟು ಕೂಗಿದ್ರೂ ಬಾಗಿಲು ತೆಗೀಲಿಲ್ಲವಂತೆ."

ಇದು ನಮ್ಮೂರಿನವರೆಲ್ಲ ಮಾಡುವ ತಪ್ಪೇ. ಮನೆ ಸರಿದ ದಿನ ಯಾರ ತಲೆಯಲ್ಲೂ ಹೊಸ ಊರು ಇರುವುದಿಲ್ಲ, ಬೆಳಗಿನ ಊರೇ ಇರುತ್ತದೆ. ಹಾಲಿನವನು ಹಳೆಯ ಜಾಗಕ್ಕೇ ಹೋಗಿ ಬೇರೆಯವರ ಪಾತ್ರೆಗೆ ಹಾಲು ಹೊಯ್ಯುತ್ತಾನೆ, ಮದುಮಗ ಬೇರೆಯವರ ಮಾವನ ಕಾಲಿಗೆ ಬೀಳುತ್ತಾನೆ. ಅದನ್ನೇ ಹೇಳಲು ಹೋದೆ.

"ಅದಲ್ಲ ನಾನು ಹೇಳ್ತಿರೋದು" ಎಂದು ಅವರು ದನಿ ಏರಿಸಿದರು. "ಅವಳ ಮನೆ ಆಗಲೇ ನಮ್ಮ ಪಕ್ಕಕ್ಕೆ ಬಂದು ಕೂತಿತ್ತು. ನನಗೆ ಕಾಣಿಸ್ಲಿಲ್ಲ, ಅಮ್ಮನ್ನ ಆ ಸ್ಥಿತೀಲಿ ಬಿಟ್ಟು ಬಂದೋನಿಗೆ ಪಕ್ಕದ ಮನೆ ಕಾಣುತ್ತಾ? ನಾನೂ, ಅಮ್ಮನ್ನ ನೋಡ್ಕೊಳ್ಳೋಕೆ ಬಂದಿದ್ದ ಚಿಕ್ಕಮ್ಮನೂ ಗೋಳೋ ಅಂತ ಅತ್ವಿ. ಅಮ್ಮ ಬಾಗಿಲು ನೋಡ್ತಾನೇ ಹೋದ್ಲು. ತಮಟೆ ಆಯ್ತು, ಪಕ್ಕದ ಬಾಗಿಲು ತೆರೀತು, ನೋಡಿದ್ರೆ ಇವಳು! ಅಷ್ಟು ಹೊತ್ತೂ ಆ ಗೋಡೆ ಆಚೆ ಇದ್ದಳು. ನಮ್ಮ ಅಳು ಕೇಳಿಸ್ಕೊಂಡೂ ಎದ್ದು ಬರ್ಲಿಲ್ಲ. ಊರಿಗೆಲ್ಲ ಹೋಗ್ತಾಳೆ, ಹೆತ್ತ ತಾಯಿಗೆ ಬರ್ಲಿಲ್ಲ. ಈಗ ಬಂದ್ಯಾ ಅಂತ ಕೇಳ್ದೆ. ಅಷ್ಟೇ. ಅದೇ ಕೊನೇ ಮಾತು."

ನನಗೆ ಸಂಕಟವಾಯಿತು. ಆ ತಾಯಿ ಪುಟ್ಟಗೌರಮ್ಮನವರ ಕೈಯ ಕೋಡುಬಳೆ ತಿಂದವಳು ನಾನು. ಎಷ್ಟೇ ಮುನಿಸಿಕೊಂಡಿದ್ದರೂ ಒಂದು ಗೋಡೆಯಾದರೂ ಈ ಇಬ್ಬರ ನಡುವೆ ಉಳಿದಿತ್ತು. ಮನೆ ಬೇರೆಯವರ ಕೈಗೆ ಹೋದರೆ ಅದು ಇನ್ನಾರದೋ ಜಾಡು ಹಿಡಿದು ಹೋಗುತ್ತದೆ. ಇವರು ಊರಿನ ಒಂದು ತುದಿ, ಅವಳು ಇನ್ನೊಂದು ತುದಿ. ಆಮೇಲೆ ಈ ಜನ್ಮದಲ್ಲಿ ಇಬ್ಬರೂ ಮುಖಾಮುಖಿಯಾಗುವುದು ಯಾರಾದರೂ ಒಬ್ಬರ ಸಾವಿಗೆ. ಹೀಗೆಲ್ಲ ಅನ್ನಿಸಿತು ನಿಜ. ಆದರೂ ದಲ್ಲಾಳಿಯ ಬುದ್ಧಿ, "ಒಳ್ಳೇ ಗಿರಾಕಿ ಇದ್ದಾರೆ, ಭಾನುವಾರ ಕರ್ಕೊಂಡು ಬರ್ತೀನಿ" ಎಂದುಬಿಟ್ಟೆ.

ಗಿರಾಕಿ ಹೊಸದಾಗಿ ಊರಿಗೆ ವರ್ಗವಾಗಿ ಬಂದಿದ್ದ ಬ್ಯಾಂಕಿನ ಪ್ರಸನ್ನಕುಮಾರ ಮತ್ತು ಅವನ ಹೆಂಡತಿ ಸುಮಂಗಲಾ. ಹುಡುಗ ಒಂದು ಕ್ಷಣ ಸುಮ್ಮನಿರುವವನಲ್ಲ, ಪ್ರತಿ ಕೋಣೆಗೂ ಹೋಗಿ ಬೆರಳ ಗೆಣ್ಣಿನಿಂದ ಬಾಗಿಲು ಬಡಿದು ನೋಡುತ್ತಿದ್ದ. "ಮುಂದಿನ ವರ್ಷ ಎಲ್ಲಿ ಬರುತ್ತೆ ಅಂತ ಅಂದಾಜಾದ್ರೂ ಹೇಳಿ ಮೇಡಂ" ಎಂದು ನನ್ನ ಪ್ರಾಣ ತಿಂದ. "ನಿಮ್ಮ ಬ್ಯಾಂಕಿನವರು ನಿಮ್ಮನ್ನ ಮುಂದಿನ ವರ್ಷ ಎಲ್ಲಿಗೆ ಕಳಿಸ್ತಾರೆ ಅಂತ ನಿಮಗೆ ಗೊತ್ತೇನಪ್ಪ?" ಎಂದೆ. ಸುಮಂಗಲಾ ನಕ್ಕಳು. ಅವಳಿಗೆ ಮನೆ ಹಿಡಿಸಿತ್ತು. ಅಡುಗೆಮನೆಯಲ್ಲಿ ನಾಗಭೂಷಣಯ್ಯ ಮಾತಿಗೆ ತಪ್ಪದೆ ಹುಣಸೆಹುಳಿಗೆ ಇಂಗಿನ ಒಗ್ಗರಣೆ ಹಾಕಿಟ್ಟಿದ್ದರು. ನಡುಮನೆಯ ಗೋಡೆಯ ಮೇಲೆ ಅವರೇ ಬರೆದ ತಾಯಿಯ ಚಿತ್ರವಿತ್ತು. ಸುಮಂಗಲಾ ಅದರ ಮುಂದೆ ತುಸು ಹೊತ್ತು ನಿಂತು, "ಇದನ್ನ ತಗೊಂಡು ಹೋಗ್ತೀರಲ್ವಾ?" ಎಂದು ಮೆಲ್ಲಗೆ ಕೇಳಿದಳು. ಅವರು ತಲೆಯಾಡಿಸಿದರು.

ಉಳಿದದ್ದು ಗೋಡೆ ಕೇಳುವುದು. ಆ ಮನೆಯ ಗೋಡೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅಪ್ಪ ಕಟ್ಟಿಸಿ ಮಗನಿಗೆ ಬಿಟ್ಟುಹೋದ ಮನೆ, ಕೊಂಡು ಮಾರಿದ್ದಲ್ಲವಲ್ಲ. ಪಕ್ಕದಿಂದ ಏನಾದರೂ ಕೇಳಿಸುತ್ತದೆಯೇ ಎಂದು ಪ್ರಸನ್ನಕುಮಾರ ಕೇಳಿದಾಗ, "ಪಾತ್ರೆ ಸದ್ದು. ಒಬ್ಬಳೇ ಇರೋಳು ಯಾರ ಹತ್ರ ಮಾತಾಡ್ತಾಳೆ?" ಎಂದರು ನಾಗಭೂಷಣಯ್ಯ. ಒಂದು ಪಕ್ಕ ಖಾಲಿ ಜಾಗ, ಆದ್ದರಿಂದ ನಾನು ಹೋಗಬೇಕಾದದ್ದು ಹಳದಿ ಮನೆಗೇ. ಅವತ್ತೇ ಕೆಂಚಮ್ಮ ಕೈಕೊಟ್ಟಿದ್ದಳು, ಯಾರದೋ ಮದುವೆಗೆ ಹೂವಿನ ಹಾರ ಒಪ್ಪಿಕೊಂಡು ಪಕ್ಕದೂರಿಗೆ ಹೋಗಿದ್ದಳು. ಅದನ್ನು ಇವರ ಮುಂದೆ ಹೇಳಲಿಲ್ಲ. ಹೇಗೋ ನಿಭಾಯಿಸೋಣ ಎಂದುಕೊಂಡು ಹೋಗಿ ಬಾಗಿಲು ತಟ್ಟಿದೆ.

ಚಂದ್ರಮತಿ ಬಾಗಿಲು ತೆಗೆದು, ನನ್ನ ಹೆಗಲಾಚೆ ಅಣ್ಣನ ಮನೆಯ ಮುಂದೆ ಬಿಟ್ಟಿದ್ದ ಹೊಸ ಚಪ್ಪಲಿಗಳನ್ನು ನೋಡಿದಳು. "ಮಾರ್ತಿದಾನಾ?" ಎಂದಳು. ಹೌದು ಎಂದೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಕಾಯಿಸಿದ ಹಾಲಿನ ವಾಸನೆ ಬರುತ್ತಿತ್ತು. ಕಪಾಟಿನಲ್ಲಿ ಬಿಳಿಯ ಬ್ಯಾಂಡೇಜಿನ ಸುರುಳಿಗಳು ಈಗಲೂ ಸಾಲಾಗಿದ್ದವು.

ಗೋಡೆಯ ಹತ್ತಿರ ನಿಂತು ನಾನು ಜೋರಾಗಿ ಮಾತು ಶುರುಮಾಡಿದೆ. ತರಕಾರಿ ಬೆಲೆ, ಬಸ್ಸಿನ ನೂಕಾಟ, ನನ್ನ ಸೊಂಟನೋವು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಆಮೇಲೆ ನಕ್ಕೆ. ನನ್ನ ನಗು ನೋಡಿ ಚಂದ್ರಮತಿಗೂ ಒಂದಿಷ್ಟು ನಗು ಬಂತು. ಕೊನೆಗೆ ಸೆರಗು ಬಾಯಿಗೆ ಇಟ್ಟುಕೊಂಡು ಅಳಲು ಹೊರಟೆ. ಬಂದದ್ದು ಬಿಕ್ಕಳಿಕೆಯಂಥ ಏನೋ ಒಂದು.

"ಬಿಡು ವನಜಾ" ಎಂದಳು ಚಂದ್ರಮತಿ. "ಅದೇನು ಅಳುವಾ? ಕೋಳಿ ಕತ್ತು ಹಿಡಿದ ಹಾಗಿದೆ. ಅಳು ಗೋಡೆ ಆಚೆಗೆ ಹೇಗೆ ಹೋಗುತ್ತೆ ಅಂತ ನಂಗೊತ್ತು." ನಾನು ಸೆರಗು ಸರಿಮಾಡಿಕೊಂಡು ಕಾದೆ. ಬಾಯಿಗೆ ಬೀಗ ಹಾಕಿಕೊಂಡರೆ ಎದುರಿನವರು ತಾವಾಗಿಯೇ ಮಾತಾಡುತ್ತಾರೆ ಎನ್ನುವುದು ನನ್ನ ಕಸುಬು ಕಲಿಸಿದ ಪಾಠ.

"ನಾನು ಅವತ್ತು ಇಲ್ಲೇ ಮಲಗಿದ್ದೆ" ಎಂದಳು, ಗೋಡೆಯ ಬುಡದ ಚಾಪೆ ತೋರಿಸಿ. "ಆಚೆಯಿಂದ ಅಳು ಕೇಳಿಸ್ತು. ಯಾರೋ ಹೆಂಗಸು, ಯಾರೋ ಗಂಡಸು. ಯಾರ ಮನೆ ಪಕ್ಕಕ್ಕೆ ಬಂದಿದ್ಯೋ, ಪಾಪ, ಸಾವೋ ನೋವೋ ಅಂತ ಎದ್ದು ಕೂತೆ. ಹೋಗಿ ನೋಡಲಾ ಅಂತ ಬಾಗಿಲ ತನಕ ಹೋದೆ ವನಜಾ. ಚಿಲಕದ ಮೇಲೆ ಕೈ ಇಟ್ಟೆ. ತಮಟೆ ಆಗಿಲ್ಲ, ಯಾರದೋ ಮನೆ, ತಮಟೆ ಆದ್ಮೇಲೆ ಹೋದ್ರಾಯ್ತು ಅಂತ ವಾಪಸ್ಸು ಬಂದು ಕೂತೆ. ಕೈ ಮುಗಿದೆ, ಯಾರ ಮನೆಯವರಿಗೋ ದೇವರು ಧೈರ್ಯ ಕೊಡ್ಲಿ ಅಂತ. ನಮ್ಮಮ್ಮನ ಸಾವಿಗೆ ನಾನು ಬೇರೆಯವರ ಥರ ಕೈ ಮುಗ್ದೆ."

"ಇದನ್ನ ಅಣ್ಣನಿಗೆ ಹೇಳಿಲ್ವಾ?" ಎಂದೆ. "ಈಗ ಬಂದ್ಯಾ ಅಂತ ಕೇಳ್ದ. ಆ ಮಾತಿಗೆ ಏನು ಹೇಳ್ತಿದ್ದೆ? ಕೇಳಿಸ್ತು, ಆದ್ರೆ ನೀವು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಂಬ್ತಿದ್ನಾ? ಒಡಹುಟ್ಟಿದವನ ದನಿ ಗೊತ್ತಾಗಲ್ವಾ ಅಂತ ನನಗೇ ನಾನು ಎಷ್ಟು ಸಲ ಕೇಳ್ಕೊಂಡಿಲ್ಲ!"

ಹೀಗೆ ಹೇಳಿ ಅವಳು ಗೋಡೆಯ ಕಡೆ ತಿರುಗಿದಳು. ಹಣೆಯನ್ನು ಗೋಡೆಗೆ ಆನಿಸಿ, "ಅಣ್ಣಾ" ಎಂದಳು. ನಾನು ಇಷ್ಟು ಮನೆಗಳಲ್ಲಿ ಇಷ್ಟು ಗೋಡೆಗಳಿಗೆ ಕೆಂಚಮ್ಮನನ್ನು ಅಳಿಸಿದ್ದೇನೆ, ಇಂಥ ಅಳು ಕೇಳಿರಲಿಲ್ಲ. "ಅಣ್ಣಾ, ನಂಗೆ ಗೊತ್ತಾಗ್ಲಿಲ್ಲ ಕಣೋ. ಬಾಗಿಲ ತನಕ ಬಂದಿದ್ದೆ ಕಣೋ. ಅಮ್ಮಾ..." ಎಂದು ಗೋಡೆಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳಲು ನೋಡಿದಳು. ಗೋಡೆಯನ್ನು ಹಿಡಿದುಕೊಳ್ಳಲಾದೀತೇ, ಅಂಗೈ ಜಾರುತ್ತಿತ್ತು. ನನ್ನ ಕಣ್ಣಲ್ಲೂ ನೀರು ಬಂತು, ನನ್ನ ಅಳುವಿಗೆ ಮಾತ್ರ ಸದ್ದಿರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ. ಆಚೆ ಕಡೆ ಮೂರು ಜನ ಕಿವಿಗೊಟ್ಟು ನಿಂತಿದ್ದಾರೆ ಎನ್ನುವುದು ಆಗ ನೆನಪಾಯಿತು. ಅಷ್ಟೂ ಮಾತು ಅವರಿಗೆ ಕೇಳಿಸಿಹೋಯಿತಲ್ಲ, ಇನ್ನು ಏನಾಗುತ್ತದೋ ಎಂದು ಅವಳನ್ನು ಚಾಪೆಯ ಮೇಲೆ ಕೂರಿಸಿ, ನೀರು ಕೊಟ್ಟು, ಆಚೆ ಮನೆಗೆ ಓಡಿದೆ.

ಅಲ್ಲಿ ಏನೂ ಆಗಿರಲಿಲ್ಲ. ಪ್ರಸನ್ನಕುಮಾರ ಗೋಡೆ ಸವರುತ್ತ ಮೆಚ್ಚಿಕೊಂಡು ನಿಂತಿದ್ದ. "ಮಾತು ಗುಂಯ್ ಅನ್ನುತ್ತೆ ಅಷ್ಟೇ, ಒಂದೂ ಅರ್ಥ ಆಗಲ್ಲ. ನಗು ಬರೋದೇ ಇಲ್ಲ. ಅಳು ಸ್ವಲ್ಪ ಬರುತ್ತೆ, ಪರವಾಗಿಲ್ಲ. ಗೋಡೆ ಚೆನ್ನಾಗಿದೆ ಮೇಡಂ" ಎಂದ. ಸುಮಂಗಲಾ ಮಾತ್ರ ಕಣ್ಣು ಕೆಳಗೆ ಹಾಕಿಕೊಂಡಿದ್ದಳು.

ನಾಗಭೂಷಣಯ್ಯ ಕನ್ನಡಕ ಒರೆಸುತ್ತ, "ನಿಮ್ಮ ಕೆಂಚಮ್ಮ ಈ ಸಲ ಸ್ವಲ್ಪ ಜಾಸ್ತೀನೇ ಅತ್ಲಪ್ಪ." ಎಂದರು.

"ಕೆಂಚಮ್ಮ ಬಂದಿಲ್ಲ" ಎಂದೆ.

"ಮತ್ತೆ ನೀವಾ?"

"ನಾನು ಅತ್ತಿದ್ದನ್ನ ನೀವು ಯಾವತ್ತಾದ್ರೂ ಕೇಳಿದ್ದೀರಾ ಮೇಷ್ಟ್ರೇ?"

ಅವರ ಕೈ ಕನ್ನಡಕದ ಮೇಲೆಯೇ ನಿಂತಿತು. ಆ ಮನೆಯಲ್ಲಿ ಇನ್ನು ಯಾರಿದ್ದಾರೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೋಡೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಏನಂತ ಅತ್ಲು?" ಎಂದು ಕೇಳಿದರು.

"ನಿಮ್ಮನ್ನ ಕರೆದೇ ಅತ್ಲು. ಅಣ್ಣಾ ಅಂತ ಕೂಗಿದ್ಲು. ಇಲ್ಲೇ ಕಿವಿ ಇಟ್ಕೊಂಡು ನಿಂತಿದ್ರಲ್ಲ, ಕೇಳಿಸ್ಲಿಲ್ವಾ?"

"ಇಲ್ಲ" ಎಂದರು. "ಯಾರೋ ಹೆಂಗಸು ಅಳ್ತಿದಾಳೆ ಅಂತ ಕೇಳಿಸ್ತು. ಅಷ್ಟೇ. ಯಾರು ಅಂತ ಗೊತ್ತಾಗ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ನಿಂತರು. ಕನ್ನಡಕವನ್ನು ಹಾಕಿಕೊಳ್ಳಲು ಹೋಗಿ ಕಿವಿಗೆ ಸಿಗದೆ ಜೇಬಿಗೆ ಹಾಕಿಕೊಂಡರು. "ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ಇನ್ನೊಮ್ಮೆ, ಈ ಸಲ ತಾಯಿಯ ಚಿತ್ರದ ಕಡೆ ನೋಡುತ್ತ ಹೇಳಿದರು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದರು. ಪ್ರಸನ್ನಕುಮಾರ ಏನೋ ಹೇಳಲು ಬಾಯಿ ತೆರೆದ, ಸುಮಂಗಲಾ ಅವನ ತೋಳು ಹಿಡಿದಳು.

ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಹಳದಿ ಮನೆಯ ಬಾಗಿಲ ಮುಂದೆ ಅವರು ನಿಂತಿದ್ದರು. ತಟ್ಟಲು ಕೈ ಎತ್ತುವುದು, ಇಳಿಸುವುದು. ಡ್ರಾಯಿಂಗ್ ಹಾಳೆಯ ಮೇಲೆ ಮೊದಲ ಗೆರೆ ಎಳೆಯಲು ಹೆದರುವ ಮಕ್ಕಳನ್ನು ಗದರಿಸುತ್ತಿದ್ದ ಮನುಷ್ಯ ಇವರೇ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಚಂದ್ರಮತಿ ಅತ್ತ ಮುಖವನ್ನು ತೊಳೆದುಕೊಂಡಿದ್ದಳು, ಕೂದಲಂಚಿನಿಂದ ನೀರು ಇಳಿಯುತ್ತಿತ್ತು. ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈಗ ಬಂದ್ಯಾ?" ಎಂದಳು.

ಅದೇ ಮಾತು. ಆದರೆ ಹೊತ್ತು ಮೀರಿ ಮನೆಗೆ ಬಂದವರನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು. ನಾಗಭೂಷಣಯ್ಯ ಮಗುವಿನ ಹಾಗೆ ತಲೆಯಾಡಿಸಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಇತ್ತ ಅಡುಗೆಮನೆಯಲ್ಲಿ ಹುಣಸೆಹುಳಿ ತಳ ಹತ್ತುವ ವಾಸನೆ ಬಂದು, ನಾನೇ ಓಡಿಹೋಗಿ ಒಲೆ ಆರಿಸಿದೆ.

ಮನೆ ಮಾರಾಟವಾಗಲಿಲ್ಲ. ಪ್ರಸನ್ನಕುಮಾರ ನನ್ನ ಮೇಲೆ ಎರಡು ದಿನ ಉರಿದುಬಿದ್ದ. ಅಂಥ ಗೋಡೆ ಎಲ್ಲಿ ಸಿಗುತ್ತದೆ ಎಂದು ಗೊಣಗಿದ. ಅವರಿಗೆ ಟಾಕೀಸಿನ ಹತ್ತಿರ ಬೇರೆ ಮನೆ ತೋರಿಸಿದೆ. ಅಲ್ಲಿ ಗೋಡೆ ಕೇಳುವಾಗ ಸುಮಂಗಲಾ ಗಂಡನಿಗೆ, "ಆಚೆ ಯಾರು ಅಂತ ಗೊತ್ತಾಗೋ ಮನೇನೇ ಇರ್ಲಿ ಬಿಡಿ" ಎಂದಳಂತೆ. ತೆಳು ಗೋಡೆಯ ಮನೆಯನ್ನು ಯಾರಾದರೂ ಬಯಸಿ ಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಈ ಹುಡುಗಿ ನಮ್ಮೂರಿಗೆ ಹೊಂದಿಕೊಳ್ಳುತ್ತಾಳೆ ಎಂದುಕೊಂಡೆ.

ಮಹಾನವಮಿ ಕಳೆದು ಒಂದು ವಾರವಾಗಿರಬೇಕು, ಒಂದು ಬೆಳಿಗ್ಗೆ ಹೊಸ್ತಿಲು ಬೆಚ್ಚಗೆ ತಾಗಿತು. ನಾನು ಒಬ್ಬಳೇ ಇರುವವಳು, ನನ್ನ ಕೆಲಸ ಯಾವಾಗಲೂ ತಡ. ಊಟ ಮುಗಿಸಿ ಬಾಗಿಲು ಹಾಕಿಕೊಂಡ ಮೇಲೆ ಅಟ್ಟದ ಹಂಡೆಯನ್ನು ಕಟ್ಟಿಲ್ಲ ಎಂದು ನೆನಪಾಯಿತು. ಸ್ಟೂಲು ಹತ್ತಿ ಹಗ್ಗ ಬಿಗಿಯುತ್ತಿದ್ದೆ, ಅಷ್ಟರಲ್ಲಿ ಮನೆ ಎದ್ದಿತು. ನಾನು ಒಂದು ಕಡೆ, ಸ್ಟೂಲು ಒಂದು ಕಡೆ, ಹಿತ್ತಾಳೆಯ ಹಂಡೆ ನೇರವಾಗಿ ನನ್ನ ಪಾದದ ಮೇಲೆ. ಅಳು ಬರುವುದಿಲ್ಲ ಎನ್ನುತ್ತಿದ್ದೆನಲ್ಲ, ಬಂತು ನೋಡಿ. ಕೆಂಚಮ್ಮ ನಾಚಬೇಕು, ಹಾಗೆ ಬಂತು. ಏಳಲು ನೋಡಿದರೆ ಕಾಲು ಊರಲಾಗುತ್ತಿಲ್ಲ. ಅಮ್ಮಾ ಎಂದೆ, ಅಪ್ಪಾ ಎಂದೆ, ತೀರಿಹೋದ ನನ್ನ ಗಂಡನ ಹೆಸರನ್ನೂ ಕೂಗಿದೆ. ಯಾರು ಬರುತ್ತಾರೆ, ತಮಟೆಗೆ ಇನ್ನೂ ಎಷ್ಟು ಹೊತ್ತಿದೆಯೋ ಎಂದು ನೆಲದ ಮೇಲೆ ಬಿದ್ದುಕೊಂಡು ಅಳುತ್ತಿದ್ದೆ.

ಬಾಗಿಲು ಬಡಿದ ಸದ್ದಾಯಿತು. ನನ್ನ ಇಷ್ಟು ವಯಸ್ಸಿನಲ್ಲಿ ಮನೆ ಸರಿಯುವ ಮಧ್ಯಾಹ್ನ ತಮಟೆಗೆ ಮುಂಚೆ ನನ್ನ ಬಾಗಿಲನ್ನು ಯಾರೂ ತಟ್ಟಿದ್ದಿಲ್ಲ. ತೆವಳಿಕೊಂಡು ಹೋಗಿ ಚಿಲಕ ತೆಗೆದೆ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಖಾಲಿ ಬೀದಿಯಲ್ಲಿ ನಾಗಭೂಷಣಯ್ಯ ಚಂದ್ರಮತಿಯ ನರ್ಸಿನ ಬ್ಯಾಗು ಹಿಡಿದು ನಿಂತಿದ್ದರು. ಅವರ ಮುಂದೆ ಚಂದ್ರಮತಿ.

"ವನಜಾ, ನೀನಾ!" ಎಂದಳು. "ಯಾರೋ ಅಳ್ತಿದ್ರು. ಯಾರ ಮನೆ ಅಂತ ಗೊತ್ತಾಗ್ಲಿಲ್ಲ."

ಇಬ್ಬರೂ ಸೇರಿ ನನ್ನನ್ನು ಎತ್ತಿ ಮಂಚದ ಮೇಲೆ ಕೂರಿಸಿದರು. ಅವಳು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿ, ಮೂಳೆ ಮುರಿದಿಲ್ಲ ಎಂದು ಬ್ಯಾಂಡೇಜು ಸುತ್ತತೊಡಗಿದಳು. ನಾಗಭೂಷಣಯ್ಯ ಹಂಡೆಯನ್ನು ಎತ್ತಿ ಮೂಲೆಗಿಟ್ಟು, ಅಡುಗೆಮನೆಯಲ್ಲಿ ಕಾಫಿಪುಡಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ಅವರು ಊಟಕ್ಕೆಂದು ತಂಗಿಯ ಮನೆಗೆ ಬಂದು ಅಲ್ಲೇ ಉಳಿದಿದ್ದರಂತೆ. ಮಧ್ಯಾಹ್ನ ಸ್ವಂತ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ಕೂತರೆ ಸಂಜೆ ತಮ್ಮ ಮನೆಯನ್ನು ಊರೆಲ್ಲ ಹುಡುಕಬೇಕಾಗುತ್ತದೆ ಎನ್ನುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾನು ಬಾಗಿಲ ಬಳಿಯ ಮಂಚದಿಂದಲೇ ಕುತ್ತಿಗೆ ಹೊರಗೆ ಚಾಚಿ ನೋಡಿದೆ. ಹಳದಿ ಮನೆಯ ಒಂದು ಪಕ್ಕಕ್ಕೆ ನನ್ನ ಮನೆ ಕೂತಿತ್ತು. ಇನ್ನೊಂದು ಪಕ್ಕದಲ್ಲಿ ನಾನೆಂದೂ ಕಂಡಿರದ ಹಸಿರು ಬಾಗಿಲಿನ ಮನೆಯೊಂದಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಅಣ್ಣ ತಂಗಿಯ ಮನೆಗಳು ಬೇರೆಯಾಗಿದ್ದವು.

"ಮೇಷ್ಟ್ರೇ, ನಿಮ್ಮ ಮನೆ ಇಲ್ಲಿಲ್ಲ!" ಎಂದೆ.

ಅಷ್ಟರಲ್ಲಿ ಕೆರೆಯ ಕಡೆಯಿಂದ ತಮಟೆಯ ಸದ್ದು ಕೇಳಿಸಿತು. ಬೀದಿಯುದ್ದಕ್ಕೂ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು, ಇದ್ಯಾವ ಬೀದಿ, ಎದುರಿಗೆ ಯಾರು ಎಂದು ಜನ ಕೂಗಿ ಕೇಳತೊಡಗಿದರು. ನಾಗಭೂಷಣಯ್ಯ ಮೂರು ಲೋಟ ಕಾಫಿ ತಂದು, ಒಂದನ್ನು ನನಗೆ ಕೊಟ್ಟು, ಒಂದನ್ನು ತಂಗಿಯ ಕೈಗಿಟ್ಟು, ಮಂಚದ ತುದಿಗೆ ಕೂತರು.

"ಎಲ್ಲೋ ಇರುತ್ತೆ, ಹುಡುಕಿದ್ರಾಯ್ತು" ಎಂದರು. ಆ ಲೋಟ ಮುಗಿಸಿ, ಎರಡನೆಯದಕ್ಕೆ ಎದ್ದರು.